ಜಾನಪದ ಪಠ್ಯಸಂಗ್ರಹಕ್ಕೆ ಮುಕ್ತ ಕಂಪೈಲರ್ ಮತ್ತು ಲೈಬ್ರರಿಗಳ ಆಯ್ಕೆ: ಆಳಂದ, ಅಫಜಲಪುರ, ಜೇವರ್ಗಿ ಪ್ರದೇಶವನ್ನು ಅನುಲಕ್ಷಿಸಿ

ಪೀಠಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಭೀಮಾ ಹಾಗೂ ಅದರ ಉಪನದಿಯಾದ ಅಮರ್ಜಾ ನದಿಗಳ ಆಸರೆಯಲ್ಲಿ ಬೆಳೆದು ಬಂದ ಸಂಸ್ಕೃತಿಯ ನೆಲೆಗಳು. ಆಳಂದದ ಲಾಡ್ಲೆ ಮಶಾಯಿಖರ ದರ್ಗಾ, ಅಫಜಲಪುರ ತಾಲ್ಲೂಕಿನ ದೇವಲಗಾಣಗಾಪುರದ ದತ್ತಕ್ಷೇತ್ರ, ಘತ್ತರಗಿಯ ಭಾಗ್ಯವಂತಿಯ ಗುಡಿ, ಜೇವರ್ಗಿಯ ಷಣ್ಮುಖ ಶಿವಯೋಗಿಗಳ ಮಠ ಇವೆಲ್ಲವೂ ಶ್ರದ್ಧಾಕೇಂದ್ರಗಳಾಗಿರುವಂತೆಯೇ ಹಾಡಿಕೆಯ ಕೇಂದ್ರಗಳೂ ಆಗಿವೆ. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದು ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳವು ಮಡಿವಾಳಪ್ಪನವರಂತಹ ತತ್ವಪದಕಾರರನ್ನು ನಾಡಿಗೆ ಕೊಟ್ಟ ಊರು. ಬೀಸುವ ಪದ, ಸೋಬಾನೆ ಪದ, ಡೊಳ್ಳಿನ ಪದ, ಗೀಗೀ ಪದ, ಮೊಹರಂ ಸಂದರ್ಭದ ರಿವಾಯತ ಪದ, ಭಜನಾ ಮೇಳಗಳ ತತ್ವಪದ ಮೊದಲಾದ ಪ್ರಕಾರಗಳು ಈ ಭಾಗದಲ್ಲಿ ಒಂದರೊಡನೊಂದು ಬೆರೆತು ಬಾಳಿವೆ. ಕನ್ನಡದ ಜೊತೆಗೆ ಮರಾಠಿ ಮತ್ತು ದಖ್ಖನಿ ಉರ್ದುವಿನ ಪದಗಳು ಈ ಹಾಡುಗಳಲ್ಲಿ ಸಹಜವಾಗಿಯೇ ಸೇರಿಕೊಂಡಿವೆ.

ಇಂತಹ ಮೌಖಿಕ ಸಾಮಗ್ರಿಯು ಮೊದಲು ಟಿಪ್ಪಣಿ ಪುಸ್ತಕಗಳಲ್ಲಿ, ಅನಂತರ ಕ್ಯಾಸೆಟ್ಟುಗಳಲ್ಲಿ, 1990ರ ದಶಕದ ಕೊನೆಯಿಂದೀಚೆಗೆ ಗಣಕಯಂತ್ರದ ಕಡತಗಳಲ್ಲಿ ದಾಖಲಾಗುತ್ತ ಬಂದಿದೆ. ಟಿಪ್ಪಣಿ ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತದೆ, ಕ್ಯಾಸೆಟ್ಟಿಗೆ ಬೂಷ್ಟು ಬರುತ್ತದೆ ಎಂಬುದು ಎಲ್ಲ ಕ್ಷೇತ್ರಕಾರ್ಯಕರ್ತರಿಗೂ ತಿಳಿದ ಸಂಗತಿ. ಆದರೆ ಗಣಕದ ಕಡತವು ಕಣ್ಣಿಗೆ ಯಾವ ಕುಂದೂ ಕಾಣದೆ ಕೇವಲ ಹತ್ತು ಹದಿನೈದು ವರ್ಷಗಳಲ್ಲಿ ಓದಲಾಗದ ಸ್ಥಿತಿಗೆ ಬರುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಹಾಡಿದವರು ತೀರಿಕೊಂಡ ಮೇಲೆ ಅವರ ಪಾಠವಿರುವ ಕಡತವೂ ತೆರೆಯದಿದ್ದರೆ, ಆ ಪಾಠವನ್ನು ಮತ್ತೆ ಪಡೆಯುವ ದಾರಿಯೇ ಇರುವುದಿಲ್ಲ. ಆದುದರಿಂದ ಸಂಗ್ರಹಕ್ಕೆ ಬಳಸುವ ತಂತ್ರಾಂಶವನ್ನು ಯಾವ ಸಾಧನಗಳಿಂದ ಕಟ್ಟಬೇಕು ಎಂಬ ಪ್ರಶ್ನೆಯು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದುದಲ್ಲ. ಅದು ಜಾನಪದ ಅಧ್ಯಯನದ ವಿಧಾನಕ್ಕೂ ಸೇರಿದ ಪ್ರಶ್ನೆಯಾಗಿದೆ. ಈ ಮೂರು ತಾಲ್ಲೂಕುಗಳ ಸಾಮಗ್ರಿಯನ್ನು ಮುಂದಿಟ್ಟುಕೊಂಡು, ಮೇಜುಗಣಕದ ಆನ್ವಯಿಕ ತಂತ್ರಾಂಶಕ್ಕೆ ಬೇಕಾದ ಮುಕ್ತ ಕಂಪೈಲರ್ ಹಾಗೂ ಲೈಬ್ರರಿಗಳನ್ನು ಆಯ್ಕೆ ಮಾಡುವ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಂಪೈಲರ್ ಮತ್ತು ಲೈಬ್ರರಿ

ಮನುಷ್ಯರು ಓದಿ ಬರೆಯಬಲ್ಲ ಸಂಕೇತಭಾಷೆಯಲ್ಲಿ ರಚಿಸಿದ ಆದೇಶಗಳನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ತಂತ್ರಾಂಶವೇ ಕಂಪೈಲರ್. ಆದೇಶಗಳ ಮೂಲ ಬರಹವನ್ನು ಆಕರ ಸಂಕೇತ ಎನ್ನುತ್ತಾರೆ. ಪರದೆಯ ಮೇಲೆ ಕಿಟಕಿ ತೆರೆಯುವುದು, ಅಕ್ಷರ ಮೂಡಿಸುವುದು, ಧ್ವನಿ ನುಡಿಸುವುದು, ದತ್ತಾಂಶವನ್ನು ಜೋಡಿಸಿಡುವುದು ಮುಂತಾದ ಕೆಲಸಗಳನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯುವುದಿಲ್ಲ. ಬೇರೆಯವರು ಬರೆದು ಸಿದ್ಧವಾಗಿಟ್ಟ ಸಂಕೇತಗಳ ಭಂಡಾರದಿಂದ ಅವನ್ನು ಪಡೆಯುತ್ತಾರೆ. ಈ ಭಂಡಾರವೇ ಲೈಬ್ರರಿ. ಒಂದು ಗೀಗೀ ಮೇಳದಲ್ಲಿ ಮುಂದಿನ ಹಾಡುಗಾರನೊಬ್ಬನೇ ಕಾಣಿಸಿದರೂ ಹಿಮ್ಮೇಳವಿಲ್ಲದೆ ಹಾಡು ಸಾಗುವುದಿಲ್ಲ. ಹಾಗೆಯೇ ಬಳಕೆದಾರರಿಗೆ ಕಾಣುವ ತಂತ್ರಾಂಶದ ಹಿಂದೆ ಹತ್ತಾರು ಲೈಬ್ರರಿಗಳು ದುಡಿಯುತ್ತಿರುತ್ತವೆ. ಅವುಗಳಲ್ಲಿ ಒಂದು ನಿಂತುಹೋದರೂ ಇಡೀ ತಂತ್ರಾಂಶ ನಿಲ್ಲುವ ಸಂಭವವುಂಟು.

ಕರ್ನಾಟಕದ ಕಾಲೇಜುಗಳಲ್ಲಿ ಬಹುಕಾಲ ಸಿ ಭಾಷೆಯನ್ನು ಟರ್ಬೊ ಸಿ ಎಂಬ ಕಂಪೈಲರಿನಲ್ಲಿ ಕಲಿಸಲಾಗುತ್ತಿತ್ತು. ಅದು ಡಾಸ್ ಕಾಲದ 16 ಬಿಟ್ ಸಾಧನ; ಅದರಿಂದ ಹುಟ್ಟಿದ ಕಾರ್ಯಕ್ರಮಗಳು ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ದತ್ತಾಂಶ ನಮೂದಿಸುವ ತಂತ್ರಾಂಶಗಳಿಗೆ 1998ರಲ್ಲಿ ಬಂದ ವಿಷುಯಲ್ ಬೇಸಿಕ್‌ನ 6ನೆಯ ಆವೃತ್ತಿಯು ಬಹಳ ಜನಪ್ರಿಯವಾಯಿತು. ಅದರ ಸಹಜ ಪಠ್ಯಪೆಟ್ಟಿಗೆಗಳು ಯುನಿಕೋಡನ್ನು ಸ್ವೀಕರಿಸುತ್ತಿರಲಿಲ್ಲವಾದ್ದರಿಂದ ಕನ್ನಡವನ್ನು ಫಾಂಟುಗಳ ಮೂಲಕವೇ ತೋರಿಸಬೇಕಾಗಿತ್ತು. ಆ ಸಾಧನಕ್ಕೆ ತಯಾರಕರ ಬೆಂಬಲವು 2008ಕ್ಕೆ ಪೂರ್ಣವಾಗಿ ನಿಂತಿತು. ಸಾಧನದ ಒಡೆತನ ಬೇರೆಯವರಲ್ಲಿದ್ದಾಗ ಅದರ ಆಯುಷ್ಯವನ್ನು ನಿರ್ಧರಿಸುವವರೂ ಅವರೇ ಎಂಬುದಕ್ಕೆ ಇದೊಂದು ನಿದರ್ಶನ.

ಉಚಿತ ಮತ್ತು ಮುಕ್ತ

ಕನ್ನಡದಲ್ಲಿ ಉಚಿತ ಮತ್ತು ಮುಕ್ತ ಎಂಬ ಎರಡು ಬೇರೆ ಬೇರೆ ಪದಗಳಿರುವುದು ಈ ವಿಷಯದ ವಿವೇಚನೆಗೆ ಅನುಕೂಲವೇ ಆಗಿದೆ. ಬೆಲೆ ಕೊಡದೆ ದೊರೆಯುವುದು ಉಚಿತ. ಬಳಸಲು, ಅಧ್ಯಯನ ಮಾಡಲು, ತಿದ್ದಲು ಮತ್ತು ತಿದ್ದಿದುದನ್ನು ಹಂಚಲು ಅನುಮತಿಯಿರುವುದು ಮುಕ್ತ. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರದ ನೆರವಿನಿಂದ ಸಿದ್ಧಪಡಿಸಿದ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ಎಂಬ ತಂತ್ರಾಂಶಗಳು ಕನ್ನಡವನ್ನು ಹಳ್ಳಿಯ ಗಣಕಗಳಿಗೂ ಮುಟ್ಟಿಸಿದವು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವು ಬೆರಳುಗಳಿಗೆ ಕನ್ನಡವನ್ನು ರೂಢಿಸಿತು. ಈ ಸಾಧನೆಗಳ ಋಣವನ್ನು ಯಾರೂ ಮರೆಯುವಂತಿಲ್ಲ. ಆದರೆ ಬರಹವು ಮೊದಲು ಉಚಿತವಾಗಿ ದೊರೆತು ಮುಂದೆ ಬೆಲೆಯ ತಂತ್ರಾಂಶವಾಯಿತು. ನಿರ್ಮಾಪಕರಿಗೆ ಆ ಹಕ್ಕು ನಿಶ್ಚಯವಾಗಿಯೂ ಉಂಟು. ಸಂಗ್ರಹಕಾರರು ಅದರಿಂದ ತಿಳಿಯಬೇಕಾದುದು ಇಷ್ಟೇ: ಬೆಲೆಯಿಲ್ಲದಿರುವಿಕೆಯು ಇಂದಿನ ಸ್ಥಿತಿ ಮಾತ್ರ, ಮುಕ್ತ ಪರವಾನಗಿಯಾದರೋ ನಾಳೆಗೂ ಉಳಿಯುವ ಹಕ್ಕು.

ಮುಕ್ತ ತಂತ್ರಾಂಶದ ಚಳವಳಿಯು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯಿಂದ ಆರಂಭವಾಯಿತು. ಆ ಯೋಜನೆಯ ಜಿಸಿಸಿ ಕಂಪೈಲರ್ 1987ರಲ್ಲಿ ಹೊರಬಂದು ಇಂದಿಗೂ ಬೆಳೆಯುತ್ತಿದೆ. ಜಿಸಿಸಿಯ ಪರವಾನಗಿ ಜಿಪಿಎಲ್ ಆಗಿರುವುದರಿಂದ ಅದರಲ್ಲಿ ಸಿದ್ಧಪಡಿಸಿದ ತಂತ್ರಾಂಶವೂ ಜಿಪಿಎಲ್ ಆಗಬೇಕೆ ಎಂಬ ಸಂದೇಹ ಹಲವರಿಗಿದೆ. ಹಾಗೇನೂ ಇಲ್ಲ. ಕಂಪೈಲರಿನ ಜೊತೆಗೆ ಬರುವ ಮೂಲ ಲೈಬ್ರರಿಗಳಿಗೆ ವಿಶೇಷ ವಿನಾಯಿತಿಯನ್ನು ನೀಡಲಾಗಿದ್ದು, ಅದರಿಂದ ಹುಟ್ಟಿದ ಕೃತಿಗೆ ಕರ್ತೃವು ತನಗೆ ಬೇಕಾದ ಪರವಾನಗಿಯನ್ನು ಇಡಬಹುದು.

ಲೈಬ್ರರಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಪರವಾನಗಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಎಂಐಟಿ, ಬಿಎಸ್‌ಡಿ ಮೊದಲಾದವು ಹೆಸರನ್ನು ಉಳಿಸಿಕೊಂಡು ಏನನ್ನಾದರೂ ಮಾಡಿಕೊಳ್ಳಲು ಬಿಡುವಂಥವು. ಎಲ್‌ಜಿಪಿಎಲ್ ಲೈಬ್ರರಿಯನ್ನು ಬಳಸುವ ತಂತ್ರಾಂಶವು ಮುಚ್ಚಿದ್ದಾಗಿಯೂ ಇರಬಹುದು, ಆದರೆ ಬಳಕೆದಾರರು ಆ ಲೈಬ್ರರಿಯ ತಿದ್ದಿದ ಆವೃತ್ತಿಯನ್ನು ಬದಲಿಯಾಗಿ ಜೋಡಿಸಿಕೊಳ್ಳಲು ಅವಕಾಶವಿರಬೇಕು. ಜಿಪಿಎಲ್ ಲೈಬ್ರರಿಯನ್ನು ಸೇರಿಸಿಕೊಂಡು ಹಂಚುವ ತಂತ್ರಾಂಶವೂ ಜಿಪಿಎಲ್‌ಗೆ ಒಳಪಡಬೇಕು. ಸಾರ್ವಜನಿಕ ಹಣದಿಂದ ನಡೆಯುವ ಜಾನಪದ ಯೋಜನೆಗೆ ಈ ಮೂರರಲ್ಲಿ ಯಾವುದೂ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ಯಾವ ಪರವಾನಗಿಯೆಂದು ಮೊದಲೇ ಬರೆದಿಡದಿರುವುದು. ಅನುದಾನ ಮುಗಿದು ತಂತ್ರಾಂಶ ರಚಿಸಿದವರು ಬೇರೆ ಊರಿಗೆ ಹೋದ ಮೇಲೆ ಆಕರ ಸಂಕೇತವೂ ಪರವಾನಗಿ ಪತ್ರವೂ ಸಂಸ್ಥೆಯಲ್ಲಿ ಇಲ್ಲದಿದ್ದರೆ ಆ ತಂತ್ರಾಂಶವನ್ನು ತಿದ್ದುವವರು ದೊರೆಯುವುದಿಲ್ಲ.

ಮೂರು ಊರುಗಳ ಹೆಸರು, ಮೂರು ಪರೀಕ್ಷೆ

ಲೈಬ್ರರಿಯೊಂದು ಕನ್ನಡಕ್ಕೆ ಒಗ್ಗುತ್ತದೆಯೇ ಎಂದು ತಿಳಿಯಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ಹೆಸರುಗಳೇ ಮೂರು ಬೇರೆ ಬೇರೆ ಸಮಸ್ಯೆಗಳನ್ನು ತೋರಿಸಿಕೊಡುತ್ತವೆ.

ಮೊದಲನೆಯದು ಜೇವರ್ಗಿ. ಇಲ್ಲಿ ಅರ್ಕಾವತ್ತಿನ ಸಮಸ್ಯೆಯಿದೆ. ನುಡಿಯಂತಹ ಹಳೆಯ ಫಾಂಟ್ ಸಂಕೇತಗಳಲ್ಲಿ ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಇಡದೆ ಕಣ್ಣಿಗೆ ಕಾಣುವ ತುಂಡುಗಳ ಕ್ರಮದಲ್ಲಿ ಇಡಲಾಗುತ್ತಿತ್ತು. ಆದ್ದರಿಂದ ಅರ್ಕಾವತ್ತು ಗಿಕಾರದ ಅನಂತರ ಬರುತ್ತದೆ. ಯುನಿಕೋಡಿನಲ್ಲಿ ರಕಾರವು ಉಚ್ಚಾರಣೆಯಂತೆ ಮೊದಲು ಬರಬೇಕು. ಪರಿವರ್ತಕ ತಂತ್ರಾಂಶವು ಈ ಸ್ಥಾನಪಲ್ಲಟವನ್ನು ಮಾಡದಿದ್ದರೆ ಜೇವರ್ಗಿಯು ಜೇವಗಿರ್ ಆಗಿಬಿಡುತ್ತದೆ. ಯುನಿಕೋಡಿನಲ್ಲಿಯೇ ಟೈಪ್ ಮಾಡಿದಾಗಲೂ ತೊಡಕು ತಪ್ಪುವುದಿಲ್ಲ. ಅರ್ಕಾವತ್ತಿನ ಬದಲು ರಕಾರಕ್ಕೆ ಗಕಾರದ ಒತ್ತು ಕೊಟ್ಟು ಜೇವರ‍್ಗಿ ಎಂದು ಬರೆಯುವ ರೂಢಿಯೂ ಉಂಟು. ಇದಕ್ಕಾಗಿ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ಸೇರುತ್ತದೆ. ಓದುಗರಿಗೆ ಎರಡೂ ಒಂದೇ ಊರು. ಗಣಕಕ್ಕೆ ಎರಡು ಬೇರೆ ಪದಗಳು. ಹುಡುಕಿದಾಗ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗುತ್ತದೆ.

ಎರಡನೆಯದು ಅಫಜಲಪುರ. ಮೂಲದಲ್ಲಿ ಅನ್ಯಭಾಷೆಯ ಧ್ವನಿಗಳಿರುವ ಈ ಹೆಸರನ್ನು ಅಫಜಲಪುರ, ಅಫ್ಜಲಪುರ, ಅಫ್ಜಲ್‌ಪುರ ಎಂದು ಹಲವು ಬಗೆಯಲ್ಲಿ ಬರೆಯುತ್ತಾರೆ. ಫಕಾರ ಜಕಾರಗಳ ಕೆಳಗೆ ಚುಕ್ಕೆಯಿಟ್ಟು ಅನ್ಯಧ್ವನಿಯನ್ನು ಸೂಚಿಸುವವರೂ ಇದ್ದಾರೆ. ಕನ್ನಡದ ಈ ಚುಕ್ಕೆಯು ಯುನಿಕೋಡಿಗೆ ಸೇರಿದ್ದು 2003ರ 4.0 ಆವೃತ್ತಿಯಲ್ಲಿ, ಅದು ಅಕ್ಷರದ ಬಳಿಕ ಬರುವ ಪ್ರತ್ಯೇಕ ಚಿಹ್ನೆ. ರಿವಾಯತ ಪದಗಳಲ್ಲಿ ಈ ಧ್ವನಿಗಳು ಹೆಜ್ಜೆಹೆಜ್ಜೆಗೂ ಬರುವುದರಿಂದ ಚುಕ್ಕೆಯನ್ನು ಅಳಿಸುವಂತಿಲ್ಲ. ಹಾಗೆಂದು ಚುಕ್ಕೆ ಇಡದೆ ಹುಡುಕುವವರಿಗೆ ಪದ ಸಿಗದಂತೆಯೂ ಆಗಬಾರದು.

ಈ ಎರಡು ಸಮಸ್ಯೆಗಳಿಗೂ ಪರಿಹಾರ ಒಂದೇ. ದತ್ತಾಂಶ ಕೋಶದಲ್ಲಿ ಪ್ರತಿ ಪಠ್ಯಕ್ಕೂ ಎರಡು ರೂಪಗಳನ್ನು ಇರಿಸಬೇಕು: ಹಾಡಿದಂತೆ ಬರೆದುಕೊಂಡ ಮೂಲಪಾಠ ಮತ್ತು ಅದರಿಂದ ಯಂತ್ರವೇ ಸಿದ್ಧಪಡಿಸಿದ ಹುಡುಕುಪಾಠ. ಹುಡುಕುಪಾಠದಲ್ಲಿ ಕಾಣದ ಜೋಡಕ ಚಿಹ್ನೆಗಳನ್ನೂ ಚುಕ್ಕೆಗಳನ್ನೂ ತೆಗೆಯಲಾಗುತ್ತದೆ. ಕೊ, ಕೀ, ಕೇ ಮುಂತಾದ ಅಕ್ಷರಗಳ ಸ್ವರಚಿಹ್ನೆಗಳನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಣೆಯಾಗಿಯೂ ಬರೆಯಬಹುದಾದ್ದರಿಂದ ಅವನ್ನು ಒಂದೇ ರೂಪಕ್ಕೆ ತರುವ ಸಮರೂಪಣವನ್ನೂ ಇಲ್ಲಿಯೇ ಮಾಡಬೇಕು. ಅಫಜಲಪುರ, ಅಫ್ಜಲಪುರ ಎಂಬಂತಹ ಪೂರ್ಣ ಕಾಗುಣಿತ ಭೇದಗಳಿಗೆ ಪರ್ಯಾಯನಾಮಗಳ ಪಟ್ಟಿಯೊಂದು ಬೇಕು. ಗುಲಬರ್ಗಾ ಎಂಬ ಅಧಿಕೃತ ಹೆಸರು 2014ರಲ್ಲಿ ಕಲಬುರಗಿಯಾಯಿತು. ಕಡಕೋಳದ ತಾಲ್ಲೂಕು ಬದಲಾಯಿತು. ಹಳೆಯ ದಾಖಲೆಯ ಸ್ಥಳನಾಮವನ್ನು ತಿದ್ದದೆ ಹೊಸ ಹೆಸರಿನಿಂದಲೂ ಅದು ದೊರೆಯುವಂತೆ ಮಾಡಲು ಇದೇ ಪಟ್ಟಿ ನೆರವಾಗುತ್ತದೆ. ಮೂಲಪಾಠವನ್ನು ಯಾವ ಕಾರಣಕ್ಕೂ ಯಂತ್ರವು ಮುಟ್ಟಬಾರದು ಎಂಬುದು ಕ್ಷೇತ್ರಕಾರ್ಯದ ಹಳೆಯ ನಿಯಮವೇ ಆಗಿದೆ.

ಮೂರನೆಯದು ಆಳಂದ. ಕನ್ನಡ ವರ್ಣಮಾಲೆಯಲ್ಲಿ ಳಕಾರವು ಹಕಾರದ ಬಳಿಕ, ಎಲ್ಲಕ್ಕೂ ಕೊನೆಯಲ್ಲಿ ಬರುತ್ತದೆ. ಯುನಿಕೋಡಿನ ಕೋಷ್ಟಕದಲ್ಲಿ ಅದು ಲಕಾರದ ಬಳಿಕ, ವಕಾರಕ್ಕಿಂತ ಮೊದಲು ಕುಳಿತಿದೆ. ಸಂಕೇತಗಳ ಅಂಕಿಯನ್ನಷ್ಟೇ ನೋಡಿ ಅಕಾರಾದಿಯಾಗಿ ಜೋಡಿಸುವ ತಂತ್ರಾಂಶವು ಬಳೆ, ಬವಣೆ, ಬಸವ ಎಂಬ ಕ್ರಮವನ್ನು ಕೊಡುತ್ತದೆ. ಕನ್ನಡ ನಿಘಂಟಿನ ಕ್ರಮ ಬವಣೆ, ಬಸವ, ಬಳೆ. ಊರುಗಳ ಸೂಚಿಯಲ್ಲಿ ಆಳಂದವು ತಪ್ಪು ಸ್ಥಾನದಲ್ಲಿ ಕುಳಿತರೆ ಓದುಗರು ಅದು ಇಲ್ಲವೆಂದೇ ಭಾವಿಸಬಹುದು. ಪದಕೋಶ, ಗಾದೆಗಳ ಅಕಾರಾದಿ, ಹಾಡಿನ ಮೊದಲ ಸಾಲಿನ ಸೂಚಿ ಇವುಗಳನ್ನು ಅಚ್ಚಿಗೆ ಕೊಡುವವರಿಗೆ ಇದು ಸಣ್ಣ ವಿಷಯವಲ್ಲ. ಐಬಿಎಂ ಸಂಸ್ಥೆಯು 1999ರಲ್ಲಿ ಮುಕ್ತಗೊಳಿಸಿ, 2016ರಿಂದ ಯುನಿಕೋಡ್ ಒಕ್ಕೂಟದ ಆಶ್ರಯದಲ್ಲಿರುವ ಐಸಿಯು ಲೈಬ್ರರಿಯಲ್ಲಿ ಹಕಾರದ ಬಳಿಕ ಳಕಾರ ಎಂಬ ನಿಯಮವನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಐಸಿಯು ಇಲ್ಲದೆಡೆಯಲ್ಲಿ ಜೋಡಣೆಗೆ ಮಾತ್ರ ಳಕಾರಕ್ಕೆ ಹಕಾರಕ್ಕಿಂತ ದೊಡ್ಡ ಅಂಕಿ ಕೊಡುವ ಪುಟ್ಟ ವಿಧಿಯನ್ನು ಬರೆದುಕೊಂಡರೂ ಸಾಕಾಗುತ್ತದೆ.

ಅಕ್ಷರ ಮೂಡಿಸುವಿಕೆ

ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸಲು ಫಾಂಟು ಮಾತ್ರ ಸಾಲದು; ಸಂಕೇತಗಳ ಸಾಲನ್ನು ಅಕ್ಷರದ ಆಕಾರಗಳಿಗೆ ಹೊಂದಿಸುವ ತಂತ್ರಾಂಶವೊಂದು ಬೇಕು. ಮುಕ್ತ ಲೋಕದಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ಲೈಬ್ರರಿ ನಿರ್ವಹಿಸುತ್ತದೆ. ಜಿಟಿಕೆಯು ಪಾಂಗೊ ಎಂಬ ಲೈಬ್ರರಿಯ ಮೂಲಕ ಹಾರ್ಫ್‌ಬಜ್ ಅನ್ನು ಬಳಸುತ್ತದೆ. ಕ್ಯೂಟ್ ಲೈಬ್ರರಿಯಲ್ಲಿ ಹಾರ್ಫ್‌ಬಜ್ ಒಳಗೊಂಡೇ ಬರುತ್ತದೆ. ಡಬ್ಲ್ಯುಎಕ್ಸ್‌ವಿಜೆಟ್ಸ್ ತಾನೇ ಅಕ್ಷರ ಮೂಡಿಸದೆ ಆಯಾ ಗಣಕದ ಸಹಜ ಸೌಲಭ್ಯವನ್ನು ಬಳಸಿಕೊಳ್ಳುತ್ತದೆ. ವಿಂಡೋಸ್ ಎಕ್ಸ್‌ಪಿಯಿಂದ ಕನ್ನಡಕ್ಕೆ ಬೆಂಬಲವಿರುವುದರಿಂದ ವಿಂಡೋಸ್‌ನಲ್ಲಿ ಅದು ಸಾಕಾಗುತ್ತದೆ. ಲಿನಕ್ಸ್‌ನಲ್ಲಿ ಅದರ ಹಿಂದೆ ಜಿಟಿಕೆ ಇರುತ್ತದೆ. ಪೈಥಾನ್ ಭಾಷೆಯೊಡನೆಯೇ ಬರುವ ಟಿಕಿಂಟರ್ ಹಗುರವೂ ಕಲಿಯಲು ಸುಲಭವೂ ಆಗಿದ್ದರೂ ಲಿನಕ್ಸ್ ಗಣಕಗಳಲ್ಲಿ ಅದರ 8.6 ಆವೃತ್ತಿಯು ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ಆದುದರಿಂದ ಕಲಿಕೆಗೆ ಅದು ತಕ್ಕುದಾದರೂ ಕನ್ನಡ ಪಠ್ಯಸಂಗ್ರಹಕ್ಕೆ ತಕ್ಕುದಲ್ಲ.

ಆಳಂದದಂತಹ ಗಡಿ ತಾಲ್ಲೂಕಿನಲ್ಲಿ ಒಂದೇ ಹಾಡಿನ ಟಿಪ್ಪಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬರಬಹುದು. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ. ಒಂದೇ ಸಾಲಿನಲ್ಲಿ ಎರಡು ದಿಕ್ಕಿನ ಬರಹವನ್ನು ನಿಭಾಯಿಸುವ ಶಕ್ತಿ ಕ್ಯೂಟ್ ಮತ್ತು ಜಿಟಿಕೆಗಳಿಗೆ ಇದೆ. ಫಾಂಟುಗಳ ಪೈಕಿ ಲೋಹಿತ್ ಕನ್ನಡ ಮತ್ತು ನೋಟೊ ಕನ್ನಡ ಮುಕ್ತ ಪರವಾನಗಿಯವಾದ್ದರಿಂದ ತಂತ್ರಾಂಶದ ಜೊತೆಗೆ ಕಟ್ಟಿಕೊಡಬಹುದು. ವಿಂಡೋಸ್‌ನ ತುಂಗಾ ಫಾಂಟನ್ನು ಹಾಗೆ ಹಂಚಲು ಬರುವುದಿಲ್ಲ.

ಪದವನ್ನು ಗುರುತಿಸುವುದು ಇನ್ನೊಂದು ಸೂಕ್ಷ್ಮ. ಅನೇಕ ಲೈಬ್ರರಿಗಳು ಅಕ್ಷರ ಎಂದರೆ ಸ್ವತಂತ್ರ ವರ್ಣವೆಂದೇ ತಿಳಿದು ಸ್ವರಚಿಹ್ನೆ ಹಾಗೂ ಹಲಂತಗಳನ್ನು ಪದದ ಹೊರಗಿನವೆಂದು ಎಣಿಸುತ್ತವೆ. ಪೈಥಾನ್‌ನ ಮೂಲ ಶೋಧ ಸೌಲಭ್ಯವು ಕನ್ನಡ ಎಂಬ ಪದವನ್ನು ಕನ, ನಡ ಎಂದು ಒಡೆಯುತ್ತದೆ. ರೆಜೆಕ್ಸ್ ಎಂಬ ಪ್ರತ್ಯೇಕ ಲೈಬ್ರರಿಯನ್ನು ಸೇರಿಸಿಕೊಂಡರೆ ಈ ದೋಷ ನೀಗುತ್ತದೆ. ಅದೇ ಪದದ ಉದ್ದವನ್ನು ಕೇಳಿದರೆ ಯಂತ್ರವು ಐದು ಎನ್ನುತ್ತದೆ. ಛಂದಸ್ಸನ್ನು ಅಧ್ಯಯನ ಮಾಡುವವರಿಗೆ ಅದು ಮೂರು ಅಕ್ಷರ. ತ್ರಿಪದಿಯ ಗಣವಿಭಜನೆಯನ್ನು ಯಂತ್ರದಿಂದ ಮಾಡಿಸಬಯಸುವವರು ಅಕ್ಷರವನ್ನು ಎಣಿಸುವ ವಿಧಿಯನ್ನು ತಾವೇ ರೂಪಿಸಿ ಪರೀಕ್ಷಿಸಿಕೊಳ್ಳುವುದು ಒಳಿತು.

ಹನ್‌ಸ್ಪೆಲ್‌ನಂತಹ ಕಾಗುಣಿತ ಪರೀಕ್ಷಕ ಲೈಬ್ರರಿಗಳ ಬಗೆಗೂ ಒಂದು ಮಾತು ಹೇಳಬೇಕು. ಬಂದಾನ, ಹೋಗ್ಯಾನ, ಮಾಡ್ಯಾರ ಎಂಬ ಕಲಬುರಗಿ ಕನ್ನಡದ ರೂಪಗಳು ಶಿಷ್ಟ ಕನ್ನಡದ ಪದಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಅವುಗಳ ಕೆಳಗೆ ಕೆಂಪು ಗೆರೆ ಮೂಡುತ್ತದೆ. ಟೈಪ್ ಮಾಡುವ ಯುವಕ ಯುವತಿಯರು ಆ ಗೆರೆಯನ್ನು ತಪ್ಪೆಂದು ತಿಳಿದು ತಿದ್ದಿಬಿಟ್ಟರೆ ಪಠ್ಯದ ಪ್ರಾಣವೇ ಹೋಗುತ್ತದೆ. ಮೂಲಪಾಠದ ಪೆಟ್ಟಿಗೆಯಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿರಬೇಕು. ಮುಂದೆ ಉಪಭಾಷೆಯ ಪದಪಟ್ಟಿಯೊಂದು ಸಿದ್ಧವಾದಾಗ ಅದನ್ನು ಹನ್‌ಸ್ಪೆಲ್‌ಗೆ ಸೇರಿಸಬಹುದು. ಲೈಬ್ರರಿಯು ಮುಕ್ತವಾಗಿರುವುದರ ಪ್ರಯೋಜನ ಇಲ್ಲಿ ಎದ್ದು ಕಾಣುತ್ತದೆ.

ದತ್ತಾಂಶ ಮತ್ತು ಧ್ವನಿ

ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅಥವಾ ಹಳ್ಳಿಯ ಗ್ರಂಥಾಲಯದಲ್ಲಿ ಪ್ರತ್ಯೇಕ ಸರ್ವರ್ ಇಟ್ಟು ನೋಡಿಕೊಳ್ಳುವುದು ಕಷ್ಟ. ವಿದ್ಯುತ್ತು ಮತ್ತು ಅಂತರಜಾಲ ಸಂಪರ್ಕ ಕೈಕೊಡುವ ಗಳಿಗೆಯಲ್ಲಿಯೂ ಕ್ಷೇತ್ರಕಾರ್ಯ ನಿಲ್ಲುವಂತಿಲ್ಲ. ಮೇಜುಗಣಕದಲ್ಲಿ ಅಥವಾ ಲ್ಯಾಪ್‌ಟಾಪಿನಲ್ಲಿ ಸ್ವತಂತ್ರವಾಗಿ ನಡೆಯುವ ತಂತ್ರಾಂಶವೇ ಇಂತಹ ಕಡೆ ಯೋಗ್ಯವೆನ್ನಲು ಇದೇ ಕಾರಣ. ರಿಚರ್ಡ್ ಹಿಪ್ ಅವರು 2000ದಲ್ಲಿ ರೂಪಿಸಿದ ಎಸ್‌ಕ್ಯೂಲೈಟ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇಡೀ ದತ್ತಾಂಶ ಕೋಶವು ಒಂದೇ ಕಡತದಲ್ಲಿರುತ್ತದೆ. ಅದರ ಸಂಕೇತವು ಯಾರ ಸ್ವಾಮ್ಯಕ್ಕೂ ಒಳಪಡದ ಸಾರ್ವಜನಿಕ ಸ್ವತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶ ಸಂರಕ್ಷಣೆಗೆ ಶಿಫಾರಸು ಮಾಡಿದ ರೂಪಗಳಲ್ಲಿ ಇದೂ ಒಂದು. 2050ರವರೆಗೆ ಬೆಂಬಲ ನೀಡುವ ಸಂಕಲ್ಪವನ್ನು ಅದರ ನಿರ್ಮಾಪಕರು ಪ್ರಕಟಿಸಿದ್ದಾರೆ.

ಆದರೆ ಎಸ್‌ಕ್ಯೂಲೈಟ್‌ನಲ್ಲಿಯೂ ಕನ್ನಡಕ್ಕಾಗಿ ಎರಡು ತಿದ್ದುಪಡಿಗಳು ಅವಶ್ಯ. ಅದರ ಸಹಜ ಜೋಡಣೆಯು ಸಂಕೇತದ ಅಂಕಿಯನ್ನೇ ಅನುಸರಿಸುತ್ತದೆ. ಆಳಂದದ ಸಮಸ್ಯೆಗಾಗಿ ಸಿದ್ಧಪಡಿಸಿದ ಜೋಡಣಾ ವಿಧಿಯನ್ನು ಅದಕ್ಕೆ ಒದಗಿಸಬೇಕು. ಅದರ ಪೂರ್ಣಪಠ್ಯ ಶೋಧದ ಸೌಲಭ್ಯವು ಸ್ವರಚಿಹ್ನೆಗಳ ವರ್ಗವನ್ನು ಪದದ ಭಾಗವೆಂದು ಎಣಿಸುವುದಿಲ್ಲ. ಶೋಧಸೂಚಿಯನ್ನು ರಚಿಸುವಾಗಲೇ ಆ ವರ್ಗಗಳನ್ನು ಸೇರಿಸುವಂತೆ ತಿಳಿಸಬೇಕು. ಸಾವಿರಾರು ಪದಗಳನ್ನು ತುಂಬಿದ ಬಳಿಕ ಈ ದೋಷ ಗೊತ್ತಾಗುವುದಕ್ಕಿಂತ ಹತ್ತು ಹಾಡುಗಳನ್ನು ತುಂಬಿ ಪರೀಕ್ಷಿಸುವುದು ಲೇಸು.

ಧ್ವನಿಯನ್ನು ವೇವ್ ರೂಪದಲ್ಲಿ ಅಥವಾ ಗುಣಹಾನಿಯಿಲ್ಲದೆ ಅಡಕಗೊಳಿಸುವ ಫ್ಲ್ಯಾಕ್ ರೂಪದಲ್ಲಿ ಇಡುವುದು ಸಂರಕ್ಷಣೆಯ ದೃಷ್ಟಿಯಿಂದ ಸೂಕ್ತ. ಎಂಪಿ3 ಕೇಳುವುದಕ್ಕೆ ಸಾಕು, ಉಳಿಸುವುದಕ್ಕೆ ಸಾಲದು. ರೂಪಾಂತರಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ಸಾಧನವಿದೆ. ಅದರ ಬಹುಭಾಗ ಎಲ್‌ಜಿಪಿಎಲ್ ಆಗಿದ್ದು, ಕೆಲವು ಐಚ್ಛಿಕ ಭಾಗಗಳನ್ನು ಸೇರಿಸಿ ಸಿದ್ಧಪಡಿಸಿದರೆ ಒಟ್ಟು ಜಿಪಿಎಲ್ ಆಗುತ್ತದೆ ಎಂಬುದನ್ನು ಗಮನಿಸಬೇಕು.

ಮೂರು ದಾರಿಗಳು

ಮೇಲಿನ ಅಂಶಗಳ ಹಿನ್ನೆಲೆಯಲ್ಲಿ ಆಯ್ಕೆಯ ಮೂರು ದಾರಿಗಳನ್ನು ಪರಿಶೀಲಿಸಬಹುದು.

ಮೊದಲನೆಯದು ಸಿ++ ಭಾಷೆ, ಜಿಸಿಸಿ ಕಂಪೈಲರ್ ಮತ್ತು ಕ್ಯೂಟ್ ಲೈಬ್ರರಿಯ ದಾರಿ. ವಿಂಡೋಸ್‌ಗೆ ಜಿಸಿಸಿಯು ಮಿಂಗ್‌ಡಬ್ಲ್ಯು-ಡಬ್ಲ್ಯು64 ಎಂಬ ರೂಪದಲ್ಲಿ ದೊರೆಯುತ್ತದೆ. ಜಿಸಿಸಿಯ ಬದಲು ಎಲ್‌ಎಲ್‌ವಿಎಂ ಯೋಜನೆಯ ಕ್ಲ್ಯಾಂಗ್ ಕಂಪೈಲರನ್ನೂ ಬಳಸಬಹುದು. ಕ್ಯೂಟ್ 1995ರಲ್ಲಿ ನಾರ್ವೆಯ ಟ್ರೋಲ್‌ಟೆಕ್ ಸಂಸ್ಥೆಯಿಂದ ಹೊರಬಂದು 2009ರಲ್ಲಿ ಎಲ್‌ಜಿಪಿಎಲ್ ಅಡಿಯಲ್ಲಿಯೂ ದೊರೆಯಲಾರಂಭಿಸಿತು. ಅದರ ಕೆಲವು ಉಪಭಾಗಗಳು ಇಂದಿಗೂ ಜಿಪಿಎಲ್ ಮಾತ್ರ. ಈ ದಾರಿಯಲ್ಲಿ ವೇಗವೂ ಶಕ್ತಿಯೂ ಹೆಚ್ಚು. ಆದರೆ ಸಿ++ ಬಲ್ಲವರು ತಾಲ್ಲೂಕು ಮಟ್ಟದಲ್ಲಿ ಯಾವಾಗಲೂ ದೊರೆಯುತ್ತಾರೆಂದು ಹೇಳಲಾಗದು.

ಎರಡನೆಯದು ಫ್ರೀ ಪ್ಯಾಸ್ಕಲ್ ಮತ್ತು ಲಾಜರಸ್ ದಾರಿ. ಫ್ರೀ ಪ್ಯಾಸ್ಕಲ್ ಕಂಪೈಲರಿನ ಕೆಲಸ 1993ರಲ್ಲಿ, ಅದರ ಮೇಲೆ ಕಟ್ಟಿದ ಲಾಜರಸ್‌ನ ಕೆಲಸ 1999ರಲ್ಲಿ ಆರಂಭವಾಯಿತು. ವಿಷುಯಲ್ ಬೇಸಿಕ್‌ನಂತೆಯೇ ಪರದೆಯ ಮೇಲೆ ಪೆಟ್ಟಿಗೆ, ಗುಂಡಿಗಳನ್ನು ಎಳೆದಿಟ್ಟು ನಮೂನೆ ರಚಿಸಬಹುದು. ಸಿದ್ಧವಾದ ತಂತ್ರಾಂಶವು ಕೆಲವೇ ಮೆಗಾಬೈಟುಗಳ ಒಂದೇ ಕಡತ. ಹಳೆಯ, ಕಡಿಮೆ ಸ್ಮೃತಿಯ ಗಣಕಗಳಲ್ಲಿಯೂ ನಡೆಯುತ್ತದೆ. ಅದರ ಲೈಬ್ರರಿಗಳ ಪರವಾನಗಿಯು ವಿನಾಯಿತಿ ಸಹಿತವಾದ ಎಲ್‌ಜಿಪಿಎಲ್ ಆದ್ದರಿಂದ ಒಂದೇ ಕಡತದಲ್ಲಿ ಕೂಡಿಸಿ ಹಂಚಲು ಅಡ್ಡಿಯಿಲ್ಲ.

ಮೂರನೆಯದು ಪೈಥಾನ್, ಪೈಸೈಡ್ ಮತ್ತು ಎಸ್‌ಕ್ಯೂಲೈಟ್ ದಾರಿ. ಪೈಸೈಡ್ ಎಂದರೆ ಕ್ಯೂಟ್ ಲೈಬ್ರರಿಯನ್ನು ಪೈಥಾನ್‌ನಿಂದ ಬಳಸುವ ಸೇತುವೆ. ಅದು ಎಲ್‌ಜಿಪಿಎಲ್ ಅಡಿಯಲ್ಲಿಯೂ ಲಭ್ಯ. ಅದೇ ಕೆಲಸದ ಪೈಕ್ಯೂಟ್ ಜಿಪಿಎಲ್ ಅಥವಾ ಬೆಲೆಯ ಪರವಾನಗಿಯಲ್ಲಿ ದೊರೆಯುತ್ತದೆ. ಪೈಥಾನ್ ಆಕರ ಸಂಕೇತವನ್ನು ಓದಿ ತಿಳಿಯುವುದು ಸುಲಭ. ಕಾಲೇಜು ವಿದ್ಯಾರ್ಥಿಗಳೂ ಇಂದು ಅದನ್ನು ಕಲಿಯುತ್ತಿದ್ದಾರೆ. ಪೈಇನ್‌ಸ್ಟಾಲರ್ ಎಂಬ ಸಾಧನದಿಂದ ಕಟ್ಟಿಕೊಟ್ಟಾಗ ತಂತ್ರಾಂಶದ ಗಾತ್ರ ಹತ್ತಾರು ಮೆಗಾಬೈಟಿಗೆ ಏರುವುದು ಇದರ ಕೊರತೆ.

ಗಣಕದ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2020ರ ಡಿಸೆಂಬರಿನಲ್ಲಿ ಬಂದ ಕ್ಯೂಟ್ 6 ವಿಂಡೋಸ್ 7ರಲ್ಲಿ ನಡೆಯುವುದಿಲ್ಲ, ಪೈಥಾನ್ 3.8ರ ಬಳಿಕದ ಆವೃತ್ತಿಗಳೂ ಅಷ್ಟೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರಿನಲ್ಲಿ ಮುಗಿಯಿತು. ಹಳೆಯ ಗಣಕವನ್ನು ಎಸೆಯುವ ಬದಲು ಅದರಲ್ಲಿ ಹಗುರವಾದ ಲಿನಕ್ಸ್ ಸ್ಥಾಪಿಸಿ, ಲಾಜರಸ್‌ನಲ್ಲಿ ರಚಿಸಿದ ನಮೂದು ತಂತ್ರಾಂಶವನ್ನು ಬಳಸುವುದು ಸಾಧ್ಯವಿರುವ ಮಾರ್ಗ.

ಈ ಮೂರು ತಾಲ್ಲೂಕುಗಳ ಸ್ಥಿತಿಗೆ ಮೂರನೆಯ ದಾರಿಯನ್ನು ಮುಖ್ಯವಾಗಿಯೂ, ಹಳೆಯ ಗಣಕಗಳಿರುವಲ್ಲಿ ಎರಡನೆಯದನ್ನು ಪೂರಕವಾಗಿಯೂ ಆಯ್ದುಕೊಳ್ಳುವುದು ಸೂಕ್ತವೆಂದು ತೋರುತ್ತದೆ. ಎರಡೂ ಒಂದೇ ಎಸ್‌ಕ್ಯೂಲೈಟ್ ಕಡತವನ್ನು ಬರೆಯಬಲ್ಲವಾದ್ದರಿಂದ ಸಾಮಗ್ರಿಯು ಎರಡು ಕಡೆಗೆ ಹರಿದುಹೋಗುವುದಿಲ್ಲ. ಇಲ್ಲಿ ವೇಗಕ್ಕಿಂತ ಮುಖ್ಯವಾದುದು ಊರಿನಲ್ಲಿಯೇ ದುರಸ್ತಿ ಮಾಡುವವರು ದೊರೆಯುವುದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸುತ್ತಲಿನ ಪದವಿ ಕಾಲೇಜುಗಳ ಕನ್ನಡ ಮತ್ತು ಗಣಕ ವಿಜ್ಞಾನದ ವಿದ್ಯಾರ್ಥಿಗಳು ಜೊತೆಗೂಡಿದರೆ ಇಂತಹ ಕೆಲಸಕ್ಕೆ ಕೈಗಳ ಕೊರತೆಯಾಗದು.

ಹಾಡಿನ ಒಡೆತನ

ಮುಕ್ತ ತಂತ್ರಾಂಶ ಮತ್ತು ಜನಪದ ಹಾಡುಗಳ ನಡುವೆ ಹೋಲಿಕೆಯೊಂದನ್ನು ಗುರುತಿಸುವುದುಂಟು. ಎರಡೂ ಒಬ್ಬರಿಂದ ಒಬ್ಬರಿಗೆ ಸಾಗುತ್ತವೆ, ಸಾಗುವಾಗ ಬದಲಾಗುತ್ತವೆ, ಬದಲಾಯಿಸಿದವರಿಗೂ ಅದರಲ್ಲಿ ಪಾಲಿದೆ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ತಂತ್ರಾಂಶವನ್ನು ಮುಕ್ತಗೊಳಿಸಿದವರು ತಿಳಿದು, ಬರೆದು, ಅನುಮತಿ ಕೊಟ್ಟವರು. ಬೀಸುವ ಕಲ್ಲಿನ ಮುಂದೆ ಹಾಡಿದ ಮುದುಕಿಯು ತನ್ನ ಧ್ವನಿಯನ್ನು ಯಾರು ಬೇಕಾದರೂ ಹಂಚಬಹುದೆಂದು ಬರೆದುಕೊಟ್ಟಿರುವುದಿಲ್ಲ. ಕೆಲವು ಪದಗಳು ಮನೆಯ ಹೆಂಗಸರ ನಡುವೆ ಮಾತ್ರ ಹಾಡುವಂಥವು. ಕೆಲವು ಆಚರಣೆಯ ಹೊರಗೆ ಹಾಡಬಾರದವು. ಆದುದರಿಂದ ತಂತ್ರಾಂಶದ ಪರವಾನಗಿ ಬೇರೆ, ಸಾಮಗ್ರಿಯ ಅನುಮತಿ ಬೇರೆ ಎಂಬುದನ್ನು ದತ್ತಾಂಶದ ವಿನ್ಯಾಸದಲ್ಲಿಯೇ ಅಳವಡಿಸಬೇಕು. ಪ್ರತಿ ಹಾಡಿಗೂ ಹಾಡಿದವರ ಒಪ್ಪಿಗೆ, ಅದರ ಮಿತಿ, ದಿನಾಂಕ ಇವುಗಳ ಪೆಟ್ಟಿಗೆ ಇರಬೇಕು. ಅದು ಖಾಲಿಯಿದ್ದರೆ ಹೊರಗೆ ಕೊಡುವ ಪ್ರತಿಯಲ್ಲಿ ಆ ಹಾಡು ಸೇರದಂತೆ ತಂತ್ರಾಂಶವೇ ತಡೆಯಬೇಕು.

ಸಮಾರೋಪ

ಯಾವ ಕಂಪೈಲರೂ ಯಾವ ಲೈಬ್ರರಿಯೂ ಶಾಶ್ವತವಲ್ಲ. ಮುಕ್ತ ಸಾಧನಗಳನ್ನು ಆಯ್ದುಕೊಳ್ಳುವುದರ ಲಾಭವೆಂದರೆ ಒಂದು ಸಾಧನ ಹಿಂದೆ ಸರಿದಾಗ ಅದರ ಆಕರವನ್ನು ಇಟ್ಟುಕೊಂಡು ಮುಂದುವರಿಯುವ ಅವಕಾಶ ಉಳಿಯುವುದು. ಆದುದರಿಂದ ಯೋಜನೆ ಮುಗಿಯುವಾಗ ಐದು ವಸ್ತುಗಳು ಸಂಸ್ಥೆಯ ವಶದಲ್ಲಿರಬೇಕು: ತಂತ್ರಾಂಶದ ಆಕರ ಸಂಕೇತ, ಬಳಸಿದ ಕಂಪೈಲರ್ ಮತ್ತು ಲೈಬ್ರರಿಗಳ ಆವೃತ್ತಿಸಂಖ್ಯೆ ಸಹಿತ ಪಟ್ಟಿ ಹಾಗೂ ಅವುಗಳ ಪ್ರತಿ, ಎಲ್ಲ ಪರವಾನಗಿ ಪತ್ರಗಳು, ಕನ್ನಡದಲ್ಲಿ ಬರೆದ ಕೈಪಿಡಿ, ಮತ್ತು ಇಡೀ ಸಾಮಗ್ರಿಯ ಯುಟಿಎಫ್-8 ಸರಳ ಪಠ್ಯರೂಪದ ಪ್ರತಿ. ಕೊನೆಯದನ್ನು ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ತೆರೆಯಬಹುದು. ಇವುಗಳ ಎರಡು ಪ್ರತಿಗಳು ಎರಡು ಬೇರೆ ಊರುಗಳಲ್ಲಿರುವುದು ಕ್ಷೇಮ.

ನುಡಿ ಮುಂತಾದ ಹಳೆಯ ಸಂಕೇತಗಳಲ್ಲಿ ಉಳಿದಿರುವ ಕಡತಗಳನ್ನು ಯುನಿಕೋಡಿಗೆ ತರುವ ಕೆಲಸವನ್ನು ಮುಂದೂಡುವಂತಿಲ್ಲ. ಯಾವ ಕಡತಕ್ಕೆ ಯಾವ ಫಾಂಟು ಬಳಸಲಾಗಿತ್ತು, ಅಸ್ಪಷ್ಟವಾದ ಪದವನ್ನು ಹಾಡುಗಾರರು ಹೇಗೆ ಉಚ್ಚರಿಸಿದ್ದರು ಎಂಬುದನ್ನು ಬಲ್ಲವರು ಅದನ್ನು ಟೈಪ್ ಮಾಡಿದವರು ಮತ್ತು ಸಂಗ್ರಹಿಸಿದವರು ಮಾತ್ರ. ಪರಿವರ್ತಿತ ಪಾಠವನ್ನು ಧ್ವನಿಯೊಡನೆ ಇಟ್ಟು ಒಮ್ಮೆ ಓದಿ ಸರಿಪಡಿಸಲು ಅವರ ನೆರವು ಬೇಕು. ಅವರು ಇರುವಾಗಲೇ ಆಳಂದ, ಅಫಜಲಪುರ, ಜೇವರ್ಗಿಯ ಪದಗಳು ಸರಿಯಾದ ಅಕ್ಷರಗಳಲ್ಲಿ, ಸರಿಯಾದ ಅನುಕ್ರಮದಲ್ಲಿ, ಯಾರ ಅಪ್ಪಣೆಗೂ ಕಾಯದೆ ತೆರೆಯಬಲ್ಲ ಕಡತಗಳಲ್ಲಿ ನೆಲೆಗೊಳ್ಳಬೇಕಾಗಿದೆ.